ಒಂದು ಹೊಡೆಯುವಲ್ಲಿ ಎಲ್ ಹೊಡೆದರು

ನನ್ನ ಸಾಲಾವಳಿ ಪ್ರೋಗ್ರಾಮಿಗೆ ಬಿದ್ದ ಖರ್ಚು: ಎರಡು ವರ್ಷದ ಭಾನುವಾರಗಳು, ಒಂದು ಕನ್ನಡಕ ಮತ್ತು ಹೆಂಡತಿಯ ಜತೆಗಿನ ಮಾತುಕತೆ. ಯಾಕೆ ಬರೆದೆ? ಕೊಟ್ಟೂರಿನ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದಿದ್ದೆ. ಕಲಿಯಲು ಯಾರೂ ಬರಲಿಲ್ಲ. ಮುಸುಕು ಹೊದ್ದು ಕೂತದ್ದಕ್ಕೆ ಏನಾದರೂ ಕೆಲಸ ಹಚ್ಚಬೇಕಲ್ಲ? ಗಂಡು ಹೆಣ್ಣಿನ ನಕ್ಷತ್ರ ಒತ್ತಿದರೆ ಮೂವತ್ತಾರಕ್ಕೆ ಎಷ್ಟು ಗುಣ ಕೂಡುತ್ತವೆಂದು ಚೀಟಿ ಕೊಡುತ್ತಿತ್ತು.

ಹೋದ ತಿಂಗಳು ಸಾಕೆನಿಸಿತು (ಹೆಸರು ಮಾಡುವ ಆಸೆಯೂ ತೀರಿತ್ತು ಅನ್ನಿ). ಇಡೀ ಪ್ರೋಗ್ರಾಮನ್ನೇ ಪ್ರಿಂಟ್ ತೆಗೆದು ಬಾಗಿಲ ಮೊಳೆಗೆ ತೂಗುಹಾಕಿದೆ: "ಪುಕ್ಕಟೆ. ಒಯ್ಯಿರಿ, ನಕಲು ಮಾಡಿರಿ, ಬೇಕಾದಂತೆ ತಿದ್ದಿಕೊಳ್ಳಿರಿ."

ಮೊದಲು ಬಂದವರು ಕೇಳಿದ್ದೇನು ಗೊತ್ತೆ? "ಯಾಕ್ರೀ ಸರ, ಕೆಟ್ಟೈತೇನು?"

ಎರಡನೆಯವರು ಹರಪನಹಳ್ಳಿಯ ಒಬ್ಬ ಇನ್‌ಸ್ಟಿಟ್ಯೂಟ್ ಮಾಲೀಕರು. ಒಯ್ದರು, ನೋಡಿ ನೋಡಿ ತಮ್ಮ ಕಂಪ್ಯೂಟರಿಗೆ ಟೈಪ್ ಮಾಡಿಕೊಂಡರು, ನನ್ನ ಹೆಸರು ತೆಗೆದು ತಮ್ಮದು ಹಾಕಿದರು, ಚೀಟಿಗೆ ಹತ್ತು ರೂಪಾಯಿ ಇಟ್ಟರು. ಇರಲಿ. ತಿದ್ದಿಕೊಳ್ಳಿ ಎಂದವನು ನಾನೇ.

ಮೊನ್ನೆ ನಾಗವೇಣಿ ಬಂದಳು. ನನ್ನಲ್ಲೇ ಟೈಪಿಂಗ್ ಕಲಿತು ಈಗ ಕೂಡ್ಲಿಗಿಯ ಕಚೇರಿಯೊಂದರಲ್ಲಿ ಗುಮಾಸ್ತೆ. ಹರಪನಹಳ್ಳಿ ಹುಡುಗ ಒಪ್ಪಿದ್ದ, ಇವಳೂ ಮನಸಾರೆ ಒಪ್ಪಿದ್ದಳು. ಆದರೆ ಹುಡುಗನ ಅಪ್ಪ ಆ ಮಾಲೀಕರ ಹತ್ತಿರ ಚೀಟಿ ತೆಗೆಸಿದ್ದರು: ಹದಿನೇಳು ಗುಣ. ಹದಿನೆಂಟಿಲ್ಲದಿದ್ದರೆ ಸಂಬಂಧವೇ ಬೇಡವಂತೆ. ನನ್ನ ಯಂತ್ರದಲ್ಲಿ ಒತ್ತಿದೆ. ಹದಿನೆಂಟು!

ಇಬ್ಬರೂ ಹರಪನಹಳ್ಳಿ ಬಸ್ ಹತ್ತಿದೆವು. ಮಾಲೀಕರು ಒಲ್ಲದ ಮನಸ್ಸಿನಿಂದ ಪ್ರೋಗ್ರಾಮ್ ತೆರೆದು ತೋರಿಸಿದರು. ನನ್ನ ಪ್ರಿಂಟ್ ಪಕ್ಕಕ್ಕಿಟ್ಟು ನೋಡುತ್ತಿದ್ದ ನಾಗವೇಣಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. "ಸರ, ಇಲ್ಲಿ ಒಂದು ಇರಬೇಕಿತ್ತು. ಎಲ್ ಹೊಡದಾರ."

ನಮ್ಮ ಹಳೇ ಟೈಪ್‌ರೈಟರಿನಲ್ಲಿ ಒಂದರ ಕೀಲಿಯೇ ಇಲ್ಲ. ಸಣ್ಣ ಎಲ್ ಹೊಡೆಯುವುದೇ ಟೈಪಿಂಗಿನವರ ಕೈಗೆ ರೂಢಿ, ಮಾಲೀಕರ ಕೈಗೂ. ಉಳಿದ ಕಡೆ ಕಂಪ್ಯೂಟರ್ ತಪ್ಪೆಂದು ತಕರಾರು ತೆಗೆದಿತ್ತು, ತಿದ್ದಿದ್ದರು. ಇಲ್ಲಿ ಮಾತ್ರ ಎಲ್ ಅನ್ನು ಇನ್ನೂ ಬೆಲೆ ಕೊಡದ ಅಕ್ಷರವೆಂದು ಬಗೆದು, ಸೊನ್ನೆ ಎಂದುಕೊಂಡು ಸುಮ್ಮನೆ ಮುಂದೆ ಹೋಗಿದೆ.

"ಒಂದು ಗುಣ ನುಂಗಿ ಕುಂತೀರಲ್ರೀ, ಜೀರ್ಣ ಆತೇನು?" ಅಂದಳು.

"ಈಗ ತಿದ್ದಿದ್ರೆ, ಇಷ್ಟು ದಿನ ಚೀಟಿ ಒಯ್ದೋರು ನನ್ನ ಸುಮ್ನೆ ಬಿಡ್ತಾರೇನಮ್ಮಾ?" ಎಂದರು ಮಾಲೀಕರು. ತಿದ್ದಲಿಲ್ಲ. ಇಂಥವರಿಗೂ ಬೋರ್ಡು, ಬೋರ್ಡಿಗೊಂದು ಹೂವಿನ ಹಾರ!

ನಾಗವೇಣಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ, ನನ್ನ ಚೀಟಿ ಹಿಡಿದು ಹುಡುಗನ ಅಪ್ಪನ ಮನೆಗೆ ನಾನೊಬ್ಬನೇ ಹೋದೆ. ತಪ್ಪು ಎಲ್ಲಾಯಿತೆಂದು ಬಿಡಿಸಿ ಹೇಳಿದೆ. ಅವರು ಕೇಳಿದ್ದು ಒಂದೇ: "ಇದಕ್ಕೆಷ್ಟು ರೊಕ್ಕ?"

"ಪುಕ್ಕಟೆ."

ಚೀಟಿ ವಾಪಸ್ ಬಂತು. "ರೊಕ್ಕ ತಗೊಂಡೋರು ಸುಳ್ಳು ಹೇಳ್ತಾರೇನ್ರೀ?"

ವ್ಯಾಪಾರ ಮಾಡಿಯೇ ಮೇಲೆ ಬಂದವನು ನಾನು. "ಪುಕ್ಕಟೆ ಹೆಣ್ಣಿನ ಕಡೆಯೋರಿಗ್ರಿ. ನಿಮಗ ಇಪ್ಪತ್ತೈದು" ಅಂದೆ. ಎಳೆದಾಡಿ ಹದಿನೈದಕ್ಕಿಳಿಸಿದರು. ಕೊಟ್ಟರು. ಚೀಟಿಯನ್ನು ಕಣ್ಣಿಗೊತ್ತಿಕೊಂಡು, "ಕೂಡಿ ಬಂತು ಬಿಡ್ರಿ" ಎಂದರು!

ವಿಷಯ ಕೇಳಿ ನಾಗವೇಣಿ ನಕ್ಕಳು, ಮುಖ ಮಾತ್ರ ಕೆಂಪಾಗಿತ್ತು. "ಸರ, ಹಂಗಾದ್ರ ನನ್ನ ಬೆಲಿ ಹದಿನೈದು ರೂಪಾಯಿ ಆತೇನು?"

"ನಿಂದಲ್ಲವ್ವಾ, ನಿಮ್ಮ ಮಾವನ ಬುದ್ಧೀದು."

ನಿಮ್ಮಲ್ಲೂ ಕಸುಬಿನ ಗುಟ್ಟೊಂದಿದ್ದರೆ ಧಾರಾಳವಾಗಿ ಮೊಳೆಗೆ ತೂಗುಹಾಕಿ. ಯಾರಾದರೂ ಬುದ್ಧಿವಂತೆ ತಪ್ಪು ಹಿಡಿದು ಕೊಡುತ್ತಾಳೆ. ಬೀಗರಾಗುವವರ ಎದುರಿಗೆ ಮಾತ್ರ ರೇಟು ಹೇಳಿ, ಅದನ್ನೂ ಚೌಕಾಸಿಗೆ ಜಾಗ ಬಿಟ್ಟು ಹೇಳಿ.