ನಮ್ಮನಿ ಇಲಿಗೇನು ಕಮ್ಮಿ

ಕೊಲ್ಹಾರದ ಜೋಹರಾಬಿ ಹಾಲು ಕಾಯಿಸುತ್ತಿರಲಿ, ಗಡಿಗೆಗೆ ಹೆಪ್ಪು ಹಾಕುತ್ತಿರಲಿ, ಅವಳ ಒಂದು ಕಣ್ಣು ಯಾವಾಗಲೂ ಗೋಡೆಯಾಚೆ. ಅಲ್ಲಿ ಶಮ್ಶುನ್ನೀಸಾಳ ಮನೆ. ಇಬ್ಬರೂ ನೆಗೆಣ್ಣಿಯರು, ಜೋಹರಾಬಿ ಅಣ್ಣನ ಹೆಂಡತಿ, ಶಮ್ಶುನ್ನೀಸಾ ತಮ್ಮನ ಹೆಂಡತಿ. ಹಳೆಯ ಊರು ಅಣೆಕಟ್ಟಿನ ಹಿನ್ನೀರಿನ ಪಾಲಾಗಿ ಎಲ್ಲರೂ ಮೇಲಕ್ಕೆ ಬಂದಾಗ ರಸ್ತೆಗೆ ಹೊಂದಿದ ಜಾಗ ತಮ್ಮನಿಗೆ ಸಿಕ್ಕಿತು. ಜೋಹರಾಬಿಯ ಹೊಟ್ಟೆಯುರಿ ಅಂದು ಹತ್ತಿದ್ದು, ಇನ್ನೂ ಆರಿಲ್ಲ. ಶಮ್ಶುನ್ನೀಸಾಳ ಎಮ್ಮೆ ಹೆಣ್ಣುಗರು ಹಾಕಿದರೂ ಸಂಕಟ, ಇಬ್ಬರೂ ಮೊಸರು ಮಾರುವ ಸೇತುವೆಯ ಹತ್ತಿರ ಅವಳ ಗಡಿಗೆ ಮೊದಲು ಖಾಲಿಯಾದರೂ ಸಂಕಟ. ಹಾಗಂತ ಕೆಟ್ಟವಳಲ್ಲ. ಶಮ್ಶುನ್ನೀಸಾ ಜ್ವರ ಬಂದು ಮಲಗಿದರೆ ಗಂಜಿ ಹಿಡಿದು ಮೊದಲು ಓಡುವವಳು ಇವಳೇ. ಆಕೆ ಎದ್ದು ಓಡಾಡತೊಡಗಿದರೆ ಇವಳಿಗೆ ಮತ್ತೆ ಶುರು.

ಈ ಸಲದ ಸಂಕಟಕ್ಕೆ ಕಾರಣ ಇಲಿ.

ಹಿನ್ನೀರು ಏರಿ ಹೊಲಗಳಿಗೆ ನುಗ್ಗಿದಾಗ ಹೊಲದ ಇಲಿಗಳು ಊರಿನ ದಾರಿ ಹಿಡಿಯುತ್ತವೆ. ಎಮ್ಮೆ ಕಟ್ಟಿದವರ ಮನೆಯಲ್ಲಿ ತೊಗರಿ ಹೊಟ್ಟು ತುಂಬಿದ ಕೋಣೆ ಇದ್ದೇ ಇರುತ್ತದೆ. ಇಲಿಗೆ ಅದಕ್ಕಿಂತ ಸುಖದ ಜಾಗ ಎಲ್ಲಿದೆ? ಇಂಥ ಇಲಿಗಳಲ್ಲಿ ಮನುಷ್ಯರಿಗೆ ಅಂಟುವ ವೈರಸ್ ಇದೆಯೇ ಎಂದು ನೋಡಲು ಸಂಶೋಧಕರ ಒಂದು ತಂಡ ಜೀಪಿನಲ್ಲಿ ಬಂತು. ಅದರ ಮುಂದಾಳು ಸಿಂದಗಿಯ ಹುಡುಗಿ ಪಲ್ಲವಿ. ಎರಡೂ ಮನೆಗಳ ಹೊಟ್ಟಿನ ಕೋಣೆಯಲ್ಲಿ ಹುರಿದ ಸೇಂಗಾ ಹಾಕಿ ಬೋನು ಇಟ್ಟರು, ಸಿಕ್ಕ ಇಲಿಗಳ ರಕ್ತ ತೆಗೆದುಕೊಂಡು ಹೋದರು.

ಕೆಲವು ದಿನಗಳಾದ ಮೇಲೆ ಪಲ್ಲವಿ ಬಂದು ಹೇಳಿದಳು. “ನಿಮ್ಮ ಇಲಿಯೊಳಗ ಏನೂ ಸಿಕ್ಕಿಲ್ರಿ ಅಕ್ಕಾರ. ಚಲೋ ಆತು.”

“ಬಾಜೂ ಮನಿಯಾಗ?”

“ಅಲ್ಲಿ ಸಿಕ್ಕೈತ್ರಿ.”

ಬೇರೆ ಯಾರಾದರೂ ಆಗಿದ್ದರೆ ದೇವರು ದೊಡ್ಡವನೆಂದು ಸುಮ್ಮನಾಗುತ್ತಿದ್ದರು. ಜೋಹರಾಬಿಯ ಮುಖ ಸಣ್ಣದಾಯಿತು. ಅಂದಿನಿಂದ ಜೀಪು ನಿಂತಿದ್ದು ಶಮ್ಶುನ್ನೀಸಾಳ ಬಾಗಿಲಿಗೆ. ತಂಡದವರು ಕೂತಿದ್ದು ಅವಳ ಹೊರಸಿನ ಮೇಲೆ, ಕುಡಿದಿದ್ದು ಅವಳ ಚಹಾ. ಓಣಿಯೆಲ್ಲ ಅವಳ ಅಂಗಳದಲ್ಲೇ ನೆರೆಯುತ್ತಿತ್ತು. ಇಲಿಯ ಸುದ್ದಿ ಕೇಳಿ ಜನ ಅವಳ ಮೊಸರು ಬಿಟ್ಟಾರು ಎಂದುಕೊಂಡಿದ್ದಳು ಜೋಹರಾಬಿ. ಸುದ್ದಿ ಕೇಳಲೆಂದೇ ಬಂದ ಜನ ಗಡಿಗೆಯನ್ನೂ ಕೊಂಡು ಹೋದರು. ತಂಡದವರು ಆ ಮನೆಯವರ ರಕ್ತವನ್ನೂ ಪರೀಕ್ಷಿಸಿದರು, ಯಾರಿಗೂ ಏನೂ ಇರಲಿಲ್ಲ. ರೋಗವೂ ಇಲ್ಲ, ಮರ್ಯಾದೆ ಮಾತ್ರ ಬೇಕಾದಷ್ಟು. ಎಂಥ ನಸೀಬು!

ಪಲ್ಲವಿ ಆ ಅಂಗಳದಲ್ಲಿ ಹೇಳಿದ್ದನ್ನೆಲ್ಲ ಜೋಹರಾಬಿ ಗೋಡೆಯ ಈಚೆ ನಿಂತು ಕೇಳಿದಳು. “ಈ ವೈರಸ್ ಇದ್ದ ಇಲಿ ಸೊರಗಂಗಿಲ್ರಿ, ಆರಾಮ ಓಡಾಡ್ಕೊಂಡ ಇರತೈತಿ. ಒಂದಕ್ಕೊಂದು ಕಚ್ಚಾಡಿ ಹಚ್ಕೋತಾವು. ಅದರ ಉಚ್ಚಿ, ಹಿಕ್ಕಿ ಒಣಗಿ ಧೂಳಿನಾಗ ಕೂಡತಾವು. ಆ ಧೂಳು ನಮ್ಮ ಮೂಗಿನ್ಯಾಗ ಹೋತಂದ್ರ ನಮಗೂ ಬರಬಹುದು. ಒಣಾ ಕಸಬರಿಗಿ ಆಡಸಬ್ಯಾಡ್ರಿ. ಮೊದಲ ಗಾಳಿ ಆಡಾಕ ಬಿಡ್ರಿ, ಬ್ಲೀಚಿಂಗ್ ನೀರು ಹಾಕಿ ನೆನಸ್ರಿ, ಆಮ್ಯಾಲೆ ಬಳೀರಿ.”

ಹೊಟ್ಟಿಗೆ ನೀರು ಸೋಕಿದರೆ ಕೊಳೆಯುತ್ತದೆ. ಹೊಟ್ಟಿನ ಕೋಣೆಯನ್ನು ನೀರು ಹಾಕದೆ ಗುಡಿಸುವುದೇ ಅಲ್ಲಿಯ ರೂಢಿ. ಪಲ್ಲವಿಯ ಮಾತು ಜೋಹರಾಬಿಗೆ ತಿಳಿಯಲಿಲ್ಲ ಎಂದಲ್ಲ. ಆದರೆ ಅದು ಶಮ್ಶುನ್ನೀಸಾಳ ಅಂಗಳದಲ್ಲಿ ಹೇಳಿದ ಮಾತು, ತಾನೇಕೆ ಅದನ್ನು ಮನೆಯೊಳಗೆ ತರಬೇಕು? ಸೊಸೆ ಹುಮಾಳಿಗೆ ಅವಳು ಒಂದು ಅಕ್ಷರವನ್ನೂ ಹೇಳಲಿಲ್ಲ.

ಶಮ್ಶುನ್ನೀಸಾಳ ಹೊಟ್ಟಿನ ಕೋಣೆಯಲ್ಲಿ ತಂಡದವರು ಇನ್ನೊಮ್ಮೆ ಬೋನು ಇಟ್ಟ ಮರುದಿನ ಬೆಳಿಗ್ಗೆ ಅವಳು ಹಾಲು ಹಿಂಡುತ್ತಿದ್ದಳು. ಜೋಹರಾಬಿ ಹಿತ್ತಲಿನಿಂದ ನುಗ್ಗಿ, ಇಲಿಯಿದ್ದ ಒಂದು ಬೋನನ್ನು ಸೆರಗಿನಡಿ ಇಟ್ಟುಕೊಂಡು ಬಂದು, ತನ್ನ ಹೊಟ್ಟಿನ ಕೋಣೆಯಲ್ಲಿ ಅದರ ಬಾಗಿಲು ತೆರೆದಳು. ಇಲಿ ಹೊಟ್ಟಿನೊಳಗೆ ನುಸುಳಿತು. ಖಾಲಿ ಬೋನು ಮತ್ತೆ ಅದರ ಜಾಗಕ್ಕೆ ಹೋಯಿತು.

ನಂತರ ಪಲ್ಲವಿಯನ್ನು ಹಿಡಿದು ನಿಲ್ಲಿಸಿದಳು. “ನಮ್ಮನ್ಯಾಗೂ ಇನ್ನೊಮ್ಮಿ ಬೋನು ಇಡ್ರಿ ಮೇಡಂ. ನಮ್ಮನಿ ಇಲಿಗೇನು ಕಮ್ಮಿ ಆಗೇತಿ?”

ಪಲ್ಲವಿ ನಕ್ಕು, ಮುಂದಿನ ವಾರ ಬರುವುದಾಗಿ ಒಪ್ಪಿದಳು.

ಆ ವಾರವೆಲ್ಲ ಜೋಹರಾಬಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಮ್ಮೆಗೆ ತಾನೇ ಹೊಟ್ಟು ತೆಗೆದಳು. ಹುಮಾ ಬಸುರಿ, ದಿನ ತುಂಬುತ್ತ ಬಂದಿದ್ದವು. ಅವಳಿಗೆ ಹೊಟ್ಟಿನ ಬುಟ್ಟಿ ಎತ್ತಲು ಅತ್ತೆ ಬಿಟ್ಟವಳೇ ಅಲ್ಲ. ತಂಡ ಬರುವ ದಿನ ಜೋಹರಾಬಿ ಸೇತುವೆಗೆ ಮೊಸರು ಮಾರಲು ಹೊರಟಾಗ ಹೇಳಿದ್ದು ಇಷ್ಟೇ. “ಮಂದಿ ಬರ್ತಾರ, ಮನಿ ಚೊಕ್ಕ ಇರ್ಲಿ. ಅವರ ಮನಿಗಿಂತ ಒಂದು ಕೈ ಮ್ಯಾಲೆ ಇರಬೇಕು.”

ಮರಳಿ ಬಂದಾಗ ಜೀಪು ಅವಳ ಬಾಗಿಲಿಗೇ ನಿಂತಿತ್ತು. ಓಣಿಯ ಜನರೆಲ್ಲ ನೋಡುತ್ತಿದ್ದರು, ಶಮ್ಶುನ್ನೀಸಾ ಕೂಡ. ಜೋಹರಾಬಿಯ ಎದೆ ಹಿಗ್ಗಿತು. ಅಷ್ಟರಲ್ಲಿ ಹೊಟ್ಟಿನ ಕೋಣೆಯಿಂದ ಹುಮಾ ಹೊರಗೆ ಬಂದಳು. ಕೂದಲು, ರೆಪ್ಪೆ, ತುಟಿ ಎಲ್ಲ ಧೂಳು. ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಹೊಟ್ಟೆಯ ಮೇಲೆ. ಸೀನಿ ಸೀನಿ ಕಣ್ಣಲ್ಲಿ ನೀರು ಬಂದಿತ್ತು.

“ಮೂಲಿ ಮೂಲಿ ಗುಡಿಸೇನ್ರಿ ಅತ್ತಿ,” ಎಂದಳು. “ಅವರ ಮನಿಗಿಂತ ಚೊಕ್ಕ ಐತಿ.”

ಜೋಹರಾಬಿಯ ಕೈಯಿಂದ ಗಡಿಗೆ ಜಾರಿ ಒಡೆಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಬಾಯಿಬಿಟ್ಟರೆ ಶಮ್ಶುನ್ನೀಸಾಳ ಎದುರಿಗೇ ಮಾನ ಹೋಗುತ್ತದೆ. ಅವಳು ಹುಮಾಳ ಹೊಟ್ಟೆಯನ್ನೊಮ್ಮೆ ನೋಡಿದಳು.

“ಮೇಡಂ, ಅವರ ಕ್ವಾಣ್ಯಾಗಿನ ಇಲಿ ನಾನ ತಂದು ಇಲ್ಲಿ ಬಿಟ್ಟೇನ್ರಿ,” ಎಂದಳು. “ಜೀಪು ನಮ್ಮ ಬಾಗಲಕ್ಕೂ ನಿಲ್ಲಲಿ ಅಂತ.”

ಯಾರೂ ನಗಲಿಲ್ಲ. ಪಲ್ಲವಿ ಹುಮಾಳನ್ನು ಸ್ನಾನಕ್ಕೆ ಕಳಿಸಿದಳು, ಉಟ್ಟ ಬಟ್ಟೆಯನ್ನು ಬ್ಲೀಚಿಂಗ್ ನೀರಿನಲ್ಲಿ ಹಾಕಿಸಿದಳು, ಕೋಣೆಗೆ ಕೀಲಿ ಹಾಕಿದಳು. “ಆ ಇಲಿಯಾಗ ಇತ್ತೋ ಇಲ್ಲೋ ಗೊತ್ತಿಲ್ರಿ. ಇದ್ರೂ ಎಲ್ಲಾರಿಗೂ ಬರತೈತಿ ಅಂತಿಲ್ಲ. ಆದ್ರ ಕೆಲವು ವಾರ ಕಾಯಬೇಕು. ಜ್ವರ, ಮೈ ಕೈ ನೋವು ಬಂದ್ರ ತಡಾ ಮಾಡಬ್ಯಾಡ್ರಿ. ನಾವೂ ದಿನಾ ಬಂದು ನೋಡ್ತೇವಿ.”

ಶಮ್ಶುನ್ನೀಸಾ ಒಡೆದ ಗಡಿಗೆಯ ಚೂರು ಆರಿಸಿದಳು. “ನಿಮ್ಮ ಎಮ್ಮಿ ನಾ ಹಿಂಡ್ತೇನಿ ಆಪಾ. ನೀವು ಹುಡುಗಿ ಬಾಜೂ ಕೂಡ್ರಿ,” ಎಂದಳು.

ಈಗ ಜೀಪು ದಿನವೂ ಜೋಹರಾಬಿಯ ಬಾಗಿಲಿಗೇ ನಿಲ್ಲುತ್ತದೆ. ಓಣಿಯೆಲ್ಲ ಅವಳ ಅಂಗಳದಲ್ಲೇ ನೆರೆಯುತ್ತದೆ, ತಂಡದವರು ಅವಳ ಹೊರಸಿನ ಮೇಲೆಯೇ ಕೂರುತ್ತಾರೆ. ಅವಳು ಹುಮಾಳ ಹಣೆಯ ಮೇಲೆ ಅಂಗೈ ಇಟ್ಟುಕೊಂಡು ಕಿಟಕಿಯಿಂದ ಗೋಡೆಯಾಚೆ ನೋಡುತ್ತಾಳೆ. ಶಮ್ಶುನ್ನೀಸಾಳ ಬಾಗಿಲಿಗೆ ಯಾರೂ ಬರುವುದಿಲ್ಲ. ಅದನ್ನು ನೋಡಿ ಜೋಹರಾಬಿಯ ಹೊಟ್ಟೆ ಹಿಂದೆಂದೂ ಉರಿಯದಷ್ಟು ಉರಿಯುತ್ತದೆ.