ಜಗುಲಿ ಮೇಲಿದ್ದವರಿಗೆ ಒಳಗೆ ಇಟ್ಟ ಎಡೆ

ನನ್ನ ಗಂಡನ ದೊಡ್ಡಪ್ಪ, ನನಗೆ ದೊಡ್ಡ ಮಾವ, ಅಂಡಮಾನ್ ಜೈಲಿನಲ್ಲಿದ್ದು ಬಂದವರು. ಊಟಿ ಕಡೆಯ ಹೊಡೆದಾಟದ ಕೇಸಿನಲ್ಲಿ ಹಡಗು ಹತ್ತಿಸಿದ ಮೇಲೆ ಅವರ ಸುದ್ದಿಯೇ ಬರಲಿಲ್ಲ. ಸತ್ತರೆಂದುಕೊಂಡು ಮನೆಯವರು ಪಕ್ಷದ ಹಬ್ಬದಲ್ಲಿ ತೀರಿಹೋದ ಹಿರಿಯರ ಸಾಲಿಗೆ ಅವರದೂ ಒಂದು ಎಡೆ ಸೇರಿಸಿದ್ದರು. ಜೈಲು ಮುಚ್ಚಿದ ಮೇಲೆ ಅವರು ಊರಿಗೆ ಬಂದರೂ ಎಡೆ ನಿಲ್ಲಲಿಲ್ಲ. ಇಟ್ಟದ್ದನ್ನು ಬಿಟ್ಟರೆ ಉಳಿದ ಹಿರಿಯರು ಮುನಿಯುತ್ತಾರಂತೆ.

ಐವತ್ತರ ದಶಕದಲ್ಲಿ ನಾನು ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಸೊಸೆಯಾಗಿ ಬಂದೆ. ಆ ಎಡೆಯ ಅಡುಗೆ ನನ್ನ ತಲೆಗೆ ಬಿತ್ತು. ಹಬ್ಬದ ದಿನ ಜಗುಲಿಯಲ್ಲಿ ಕೂತ ನೆಂಟರಿಗೆ ದೊಡ್ಡ ಮಾವನಿಂದ ದೆವ್ವದ ಕತೆಯೇ ಬೇಕು. ನೇಣು ಹಾಕಿ ಸಮುದ್ರಕ್ಕೆ ಎಸೆದವರು ಎದ್ದು ಬರ್ತಾರಂತಲ್ಲ ಎಂದು ಪೀಡಿಸುವರು. ಮಾವ ತಾವು ಎತ್ತಿನ ಹಾಗೆ ಕೊಬ್ಬರಿ ಗಾಣ ತಿರುಗಿಸಿದ್ದನ್ನು, ಪಕ್ಕದ ಕೋಣೆಯವನ ಮುಖವನ್ನೇ ಕಾಣದೆ ವರ್ಷಗಟ್ಟಲೆ ಇದ್ದದ್ದನ್ನು ಹೇಳಲು ಹೊರಟರೆ ನೆಂಟರು ಆಕಳಿಸುವರು. "ಅದಿರ್ಲಿ ಬುಡಣ್ಣ, ದೆವ್ವದ್ದು ಯೋಳು." ಒಳಗೆ ವಡೆ ಕರಿಯುತ್ತಿದ್ದ ನನಗೆ ಮೈ ಉರಿಯುತ್ತಿತ್ತು.

ಒಂದು ವರ್ಷ ಅತ್ತೆಯನ್ನು ಕೇಳಿಯೇಬಿಟ್ಟೆ, "ಜಗುಲಿ ಮೇಲಿರೋರಿಗೆ ಒಳಗ್ಯಾಕತ್ತೆ ಎಡೆ?"

"ಸುಮ್ಕಿರು ಕಣಮ್ಮಿ, ನಡ್ಕೊಂಡು ಬಂದಿರದು" ಎಂದ ಅತ್ತೆ, ಹಿರಿಯರು ಬಂದು ಉಣ್ಣಲೆಂದು ಎಡೆ ಇಟ್ಟ ಕೋಣೆಯ ಬಾಗಿಲು ಮುಚ್ಚಿದರು.

ಮಾತು ಜಗುಲಿಗೂ ಕೇಳಿಸಿತ್ತೇನೋ. ದೊಡ್ಡ ಮಾವ ಎದ್ದು ಬಂದು, ಬಾಗಿಲು ತೆಗೆದು, ತಮ್ಮ ಎಲೆಯ ಮುಂದೆ ಕೂತು ಉಣ್ಣತೊಡಗಿದರು. "ಅಲ್ಲಿ ಒಂದು ದೆವ್ವನೂ ಕಾಣ್ನಿಲ್ಲ ಕಣವ್ವ. ಇಲ್ಗೆ ಬಂದ್ಮೇಲೆ ನಾನೇ ಆದೆ" ಎಂದರು. ಒಂದು ಅಗುಳೂ ಬಿಡದೆ ಉಂಡು ಎದ್ದುಹೋದರು.

ಅತ್ತೆ ಆ ಎಲೆ ತೆಗೆದು, ಜಾಗ ಸಾರಿಸಿ, ಅಲ್ಲೇ ಹೊಸ ಎಲೆ ಹಾಕಿದರು.

"ಬಡ್ಸು ಕಣಮ್ಮಿ, ಅವ್ರಿನ್ನೂ ಉಂಡಿಲ್ಲ."