ಟೆಲಿಫೋನಮ್ಮ ಆರಿಸಿದ ಕಂಪ್ಯೂಟರ್

ದೊಡ್ಡಾಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಕೂತು, ಬಂದ ಕರೆಗಳನ್ನೆಲ್ಲ ವಾರ್ಡಿಗೋ ಡಾಕ್ಟರಿಗೋ ಅಡುಗೆಮನೆಗೋ ದಾಟಿಸುವುದು ಅವಳ ಕೆಲಸವಾಗಿತ್ತು. ಹಾಗಾಗಿ ಇಡೀ ಬೀದಿಗೆ ಅವಳು ಟೆಲಿಫೋನಮ್ಮ. ಹೆಸರು ಕೇಳಿ ಮಾತಿನಮಲ್ಲಿ ಅಂದುಕೊಂಡೀರಿ, ಊಹೂಂ. ಊರವರ ಮಾತನ್ನು ಊರವರಿಗೆ ಮುಟ್ಟಿಸಿ ಮುಟ್ಟಿಸಿ, ತನ್ನದೂ ಒಂದು ಮಾತಿದೆ ಅನ್ನೋದನ್ನೇ ಪಾಪ ಮರೆತುಬಿಟ್ಟಿದ್ದಳು.

ಕಿವಿ ಮಾತ್ರ ಭಾರಿ ಚುರುಕು. ನಿವೃತ್ತಿಯಾದ ಮೇಲೆ ಅವಳಿಗೊಂದು ಹುಚ್ಚು ಹತ್ತಿತು, ಮೊಬೈಲಿನಲ್ಲಿ ಸದ್ದು ತುಂಬಿಸಿಕೊಳ್ಳೋದು. ಎದುರುಮನೆ ಗೇಟಿನ ಕಿರ್ರು, ಗಂಡನ ಗೊರಕೆ, ಮಗ ಮೆಟ್ಟಿಲು ಧಡಧಡ ಇಳಿಯೋದು, ಮಗಳು ಫೋನಿನಲ್ಲಿ ಗೆಳತಿಯ ಜೊತೆ ಪಿಸುಗುಟ್ಟೋದು. ಇವನ್ನೆಲ್ಲ ಕತ್ತರಿಸಿ ಜೋಡಿಸಿದರೆ, ಕಣ್ಣು ಮುಚ್ಚಿ ಕೇಳಿದವರಿಗೆ ಒಂದು ದಿನ ಪೂರ್ತಿ ಕಾಣಬೇಕು ಅನ್ನೋದು ಅವಳ ಆಸೆ. ಮೊಬೈಲಿನಲ್ಲಿ ಅದು ಆಗೋ ಮಾತಲ್ಲ. "ಅಮ್ಮನಿಗೊಂದು ಕಂಪ್ಯೂಟರ್ ತರೋಣ" ಎಂದು ಮಗಳು ಬಾಯಿ ಬಿಟ್ಟಳು. ಅಲ್ಲಿಂದ ಶುರುವಾಯಿತು ರಂಪ.

ಆ ಮನೆಯಲ್ಲಿ ಏನು ತರೋದಿದ್ದರೂ ಊಟಕ್ಕೆ ಕೂತಾಗ ಕೈ ಎತ್ತಿ ತೀರ್ಮಾನ. ಟೆಲಿಫೋನಮ್ಮನ ಕೈ ಯಾವಾಗಲೂ ಯಾರ ಮುಖ ಸಪ್ಪಗಿದೆಯೋ ಅವರ ಕಡೆ. ಮನೆಯಲ್ಲಿ ಯಾರೂ ಮುನಿಸಿಕೊಳ್ಳಬಾರದು, ಅಷ್ಟೇ. ಹೀಗಾಗಿ ಅಷ್ಟು ದೊಡ್ಡ ಮನೆಯಲ್ಲಿ ಅವಳೇ ಇಷ್ಟಪಟ್ಟು ಆರಿಸಿದ್ದು ಅಂತ ಒಂದು ಚಮಚವೂ ಇರಲಿಲ್ಲ.

ಭಾಗಗಳನ್ನು ಒಂದೊಂದಾಗಿ ಆರಿಸಿ ಜೋಡಿಸಿಕೊಳ್ಳೋ ಕಂಪ್ಯೂಟರ್, ಹಾಗಾಗಿ ಮೊದಲು ಬಂದದ್ದು ಪ್ರೊಸೆಸರ್ ವಿಷಯ. ಪ್ರೊಸೆಸರ್ ಅಂದರೆ ಕಂಪ್ಯೂಟರಿನ ಮಿದುಳು. ಮಗನಿಗೆ ಕಂಪ್ಯೂಟರ್ ಆಟದ ಗೀಳು. ಅವನು, "ತಂದ್ರೆ ಹೊಸದು, ಎಲ್ಲಕ್ಕಿಂತ ಜೋರಾಗಿರೋದೇ ತರಬೇಕು" ಅಂದ.

"ನಿಮ್ಮಮ್ಮ ಏನು ರಾಕೆಟ್ ಹಾರಿಸ್ತಾಳೇನೋ?" ಅಂದರು ಗಂಡ.

ಮಗನ ಮೋರೆ ಬಾಡಿತು. ಟೆಲಿಫೋನಮ್ಮನ ಕೈ ಅವನ ಕಡೆ ಎದ್ದಿತು. ಆಮೇಲೆ ಮದರ್‌ಬೋರ್ಡ್, ಅಂದರೆ ಆ ಮಿದುಳು ಕೂರೋ ಹಲಗೆ. ಗಂಡ ಯಾವುದೋ ಹಳೇ ಮಾದರಿಯದನ್ನು ನೋಡಿಟ್ಟಿದ್ದರು. ಅವರು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ಆದರೆ ಈಗಷ್ಟೇ ಸೋತ ಮನುಷ್ಯ, ಪಾಪ ಅನ್ನಿಸಿತು. ಅವರ ಕಡೆಗೂ ಕೈ ಎತ್ತಿದಳು. ಮಗಳು ಎರಡಕ್ಕೂ ಕೈ ಎತ್ತದೆ ನಕ್ಕಳು.

ಮಾರನೇ ದಿನ ಮನೆಮಂದಿಯೆಲ್ಲ ಅಂಗಡಿಗೆ ಹೋದರೆ, ಅಂಗಡಿಯಾಕೆ ಎರಡೂ ಹೆಸರು ಕೇಳಿ ಹುಬ್ಬೇರಿಸಿದಳು. "ಇವೆರಡೂ ಒಟ್ಟಿಗೆ ಬಾಳಲ್ಲ. ಈ ಹಳೇ ಬೋರ್ಡಲ್ಲಿ ಆ ಹೊಸ ಪ್ರೊಸೆಸರ್ ಕೂರೋದೇ ಇಲ್ಲ. ಯಾರು ಆರಿಸಿದ್ದು?"

"ಕೈ ಎತ್ತಿ ಆರಿಸಿದ್ವಿ" ಅಂದ ಮಗ.

ಅಂಗಡಿಯಾಕೆ ನಗು ತಡೆಯಲಾಗದೆ ಆಚೆ ತಿರುಗಿದಳು. ಬೋರ್ಡ್ ಬದಲಾಯಿಸಬೇಕೋ ಪ್ರೊಸೆಸರ್ ಬದಲಾಯಿಸಬೇಕೋ ಅಂತ ಅಪ್ಪ ಮಗ ಅಲ್ಲೇ ಗಂಟಲು ಹರಿದುಕೊಂಡರು. ಟೆಲಿಫೋನಮ್ಮ ಅಭ್ಯಾಸದಂತೆ ಚೀಲದಿಂದ ಮೊಬೈಲ್ ತೆಗೆದು ರೆಕಾರ್ಡಿಂಗ್ ಒತ್ತಿ, ಮತ್ತೆ ಚೀಲದ ಬಾಯಲ್ಲೇ ಇಟ್ಟಳು.

"ಅದೆಲ್ಲ ಇರಲಿ, ಇದನ್ನ ಬಳಸೋರು ಯಾರು?" ಅಂಗಡಿಯಾಕೆ ಕೇಳಿದಳು. ಮೂವರೂ ಟೆಲಿಫೋನಮ್ಮನ ಕಡೆ ಬೆರಳು ತೋರಿದರು. "ಹೌದಾ? ಮತ್ತೆ ನಿಮಗೆ ಎಂಥದ್ದು ಬೇಕಮ್ಮ?"

ಯಾರೂ ಕೇಳದ ಪ್ರಶ್ನೆ ಅದು. ಈಗಲೂ ಬಾಯಿ ಬಿಡದಿದ್ದರೆ ಈ ಕಂಪ್ಯೂಟರೂ ಮನೆಯ ಚಮಚಗಳ ಜೊತೆ ಸೇರಿಹೋಗುತ್ತೆ ಅಂತ ಅವಳಿಗೆ ಗೊತ್ತಿತ್ತು.

"ನನಗೆ ಇದರಲ್ಲಿ ಸದ್ದು ಜೋಡಿಸಬೇಕು. ಓಡ್ತಿರೋ ಕಂಪ್ಯೂಟರಿಗೆ ಸ್ವಲ್ಪ ಕಿವಿ ಇಡಬಹುದಾ?" ಅಂದಳು.

ಮಗ ಮೆಚ್ಚಿದ ಪ್ರೊಸೆಸರ್ ಇದ್ದ ಕಂಪ್ಯೂಟರ್ ಪೆಟ್ಟಿಗೆಯಲ್ಲಿ ಅಂಗಡಿಯಾಕೆ ಒಂದು ಆಟ ಹಾಕಿಕೊಟ್ಟಳು. ಟೆಲಿಫೋನಮ್ಮ ಬಗ್ಗಿ ಕಿವಿಯಿಟ್ಟಳು. ಒಳಗೆ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಸದ್ದು ಮಾಡುತ್ತಿತ್ತು. ಆಮೇಲೆ ಅಂಗಡಿಯಾಕೆಯ ಮೇಜಿನ ಕೆಳಗಿದ್ದ ಸಾದಾ ಪೆಟ್ಟಿಗೆಗೆ ಕಿವಿಯಿಟ್ಟಳು.

"ಇದು ಆಫ್ ಆಗಿದೆಯಾ?"

"ಇಲ್ಲಮ್ಮ, ಬೆಳಿಗ್ಗೆಯಿಂದ ಓಡ್ತಾನೇ ಇದೆ. ಇದರ ಪ್ರೊಸೆಸರ್ ಅಷ್ಟು ಬಿಸಿ ಆಗಲ್ಲ, ಅದಕ್ಕೇ ಫ್ಯಾನಿಗೆ ಕೆಲಸ ಕಮ್ಮಿ. ಸದ್ದು ಜೋಡಿಸೋಕೆ ಇದು ಧಾರಾಳ. ಬೋರ್ಡೂ ಇದಕ್ಕೆ ತಕ್ಕದ್ದೇ, ಮುಂದೆ ಮೆಮೊರಿ ಹಾಕ್ಕೊಳ್ಳೋಕೂ ಜಾಗ ಇದೆ."

"ಸರಿ ಹಾಗಾದ್ರೆ, ಕೈ ಎತ್ತಿ ಎಲ್ಲರೂ" ಅಂದರು ಗಂಡ.

ಟೆಲಿಫೋನಮ್ಮ ಎರಡೂ ಕೈಯಲ್ಲಿ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಕೈ ಎತ್ತೋದೆಲ್ಲ ಬೇಡ ರೀ. ನನಗೆ ಇದೇ ಬೇಕು."

ಮಗನ ಮುಖ ಸಪ್ಪಗಾಯಿತು. ಆಗಲಿ ಬಿಡಿ, ಬಸ್‌ಸ್ಟಾಪ್ ತಲುಪೋ ಹೊತ್ತಿಗೆ ಅವನೇ ಅಂಥದ್ದೇ ಹೊಸದರ ಡಬ್ಬ ಹೊತ್ತುಕೊಂಡು ಶಿಳ್ಳೆ ಹಾಕುತ್ತಿದ್ದ. ಗಂಡ ಮಾತ್ರ ದಾರಿಯುದ್ದಕ್ಕೂ ಅವಳನ್ನು ಹೊಸದಾಗಿ ಕಂಡವರ ಹಾಗೆ ನೋಡುತ್ತಿದ್ದರು.

ಕಂಪ್ಯೂಟರ್ ಸಿದ್ಧವಾದ ಮೇಲೆ ಮಗಳು ಮೊಬೈಲಿನ ಸದ್ದುಗಳನ್ನೆಲ್ಲ ಅದಕ್ಕೆ ತುಂಬಿಸಿಕೊಟ್ಟಳು. ಮೊದಲು ಹಾಕಿದ್ದು ಅಂಗಡಿಯದ್ದು. ತಮ್ಮ ಕೂಗಾಟ ತಾವೇ ಕೇಳಿ ಅಪ್ಪ ಮಗ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೊನೆಗೆ, ಒಂದು ದನಿ ಬಂತು. 'ನನಗೆ ಇದೇ ಬೇಕು.'

"ಅಮ್ಮ, ತುಂಬಿಸುವಾಗ ಎಲ್ಲಾ ಕೇಳಿದೆ, ಉಳಿದಿದ್ದರಲ್ಲಿ ಎಲ್ಲೂ ನಿನ್ನ ದನಿ ಇಲ್ಲವಲ್ಲ" ಅಂದಳು ಮಗಳು.

ನಿಜ, ಒಂದರಲ್ಲೂ ಇರಲಿಲ್ಲ. ಸದ್ದು ಜೋಡಿಸೋಕೆ ಕೂತ ಟೆಲಿಫೋನಮ್ಮ, ದಿನದ ಮೊದಲಿಗೆ ಇಟ್ಟಿದ್ದ ಗೇಟಿನ ಕಿರ್ರನ್ನು ಸ್ವಲ್ಪ ಹಿಂದೆ ಸರಿಸಿ, ಆ ಮೂರು ಮಾತನ್ನು ಎಲ್ಲಕ್ಕಿಂತ ಮುಂದೆ ಇಟ್ಟಳು. ಈಗ ಅವಳ ದಿನ ಅಲ್ಲಿಂದ ಶುರುವಾಗುತ್ತೆ.